ಎಂಜಿಬಿ ಕಾರಿನ ದುರಸ್ತಿ ಕೈಪಿಡಿಗಳಲ್ಲಿ ಪಾಠಾಂತರ ಮತ್ತು ದೋಷ

1. ಪ್ರಸ್ತಾವನೆ

ಹಳೆಯ ಕಾರೊಂದರ ದುರಸ್ತಿ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದೇ ಭಾಗಕ್ಕೆ ಎರಡು ಅಳತೆ, ಒಂದೇ ವೈರಿಗೆ ಎರಡು ಜೋಡಣೆ ಕಾಣಸಿಗುತ್ತವೆ. ಒಂದು ಸರಿ, ಇನ್ನೊಂದು ಅಚ್ಚಿನ ತಪ್ಪು ಎಂದು ಅಲ್ಲಿಗೇ ಬಿಟ್ಟುಬಿಡುವವರುಂಟು. ಇಂಥ ಭಿನ್ನತೆಗಳಲ್ಲಿ ಹಲವು ತಪ್ಪುಗಳೇ ಅಲ್ಲ, ಕಾರು ಬದಲಾದುದಕ್ಕೆ ಉಳಿದಿರುವ ದಾಖಲೆಗಳು ಎಂಬುದು ಈ ಲೇಖನದ ವಾದ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿಕೊಂಡು ಬೆಳೆದ ನಮ್ಮ ವಿದ್ವತ್ ಪರಂಪರೆಗೆ ಪಾಠಾಂತರವನ್ನೂ ಅಪಪಾಠವನ್ನೂ ಬೇರ್ಪಡಿಸುವ ವಿಧಾನ ಹೊಸದಲ್ಲ. ಅದನ್ನೇ ಇಲ್ಲಿ ಎಂಜಿಬಿ ಕಾರಿನ ಕೈಪಿಡಿಗಳಿಗೆ ಅನ್ವಯಿಸಲಾಗಿದೆ.

ಎಂಜಿಬಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಒಟ್ಟು ಸಂಖ್ಯೆ 5 ಲಕ್ಷವನ್ನು ಮೀರಿತು. ಈ ಅವಧಿಯಲ್ಲಿ ಹೆಸರು ಉಳಿಯಿತು, ಒಳಗಿನದು ಮತ್ತೆ ಮತ್ತೆ ಬದಲಾಯಿತು.

2. ಕಾಲದಿಂದ ಹುಟ್ಟಿದ ಪಾಠಾಂತರಗಳು

1798 ಸಿಸಿ ಇಂಜಿನ್ನಿನ ಕ್ರ್ಯಾಂಕ್ ಮೊದಲು ಮೂರು ಬೇರಿಂಗುಗಳ ಮೇಲೆ ನಿಂತಿತ್ತು. 1964ರ ಕೊನೆಯ ಹೊತ್ತಿಗೆ ಐದು ಬೇರಿಂಗುಗಳಾದವು. 1967ರಲ್ಲಿ ಪಾಸಿಟಿವ್ ಅರ್ತಿಂಗ್ ಹೋಗಿ ನೆಗೆಟಿವ್ ಅರ್ತಿಂಗ್ ಬಂತು, ಡೈನಮೊ ಜಾಗದಲ್ಲಿ ಆಲ್ಟರ್ನೇಟರ್ ಕೂತಿತು. ಹಳೆಯ ವೈರಿಂಗ್ ನಕ್ಷೆ ತನ್ನ ಕಾಲದ ಕಾರಿಗೆ ಇಂದಿಗೂ ಸರಿಯೇ. ಅದನ್ನು ನಂಬಿ ಆಲ್ಟರ್ನೇಟರ್ ಇರುವ ಕಾರಿಗೆ ಬ್ಯಾಟರಿಯನ್ನು ತಿರುಗಾಮುರುಗಾ ಜೋಡಿಸಿದರೆ ಡಯೋಡುಗಳು ಸುಟ್ಟುಹೋಗುತ್ತವೆ.

ಹಿಂಬದಿಯ ಆಕ್ಸಲ್ ಇನ್ನೂ ಸೂಕ್ಷ್ಮವಾದ ಉದಾಹರಣೆ. ಅದಕ್ಕೆ ಹಿಡಿಯುವ ಎಣ್ಣೆ ಒಂದೆಡೆ 2¼ ಪಿಂಟ್, ಇನ್ನೊಂದೆಡೆ 1½ ಪಿಂಟ್ ಎಂದಿರುತ್ತದೆ. ಎರಡೂ ನಿಜ: ಮೊದಲನೆಯದು ಬ್ಯಾಂಜೊ ಆಕ್ಸಲ್‌ಗೆ, ಎರಡನೆಯದು ಟ್ಯೂಬ್ ಆಕ್ಸಲ್‌ಗೆ. ಇಲ್ಲಿ ಇಸವಿ ನೋಡಿದರೂ ಸಾಲದು. 1965ರಲ್ಲಿ ಬಂದ ಜಿಟಿ ಮಾದರಿ ಮೊದಲಿನಿಂದಲೇ ಟ್ಯೂಬ್ ಆಕ್ಸಲ್ ಹೊಂದಿತ್ತು. ತೆರೆದ ಕಾರಿಗೆ ಅದು ಬಂದದ್ದು 1967ರಲ್ಲಿ. ಆದ್ದರಿಂದ 1966ರ ಎರಡು ಎಂಜಿಬಿಗಳಿಗೆ ಎರಡು ಅಳತೆ ಇರಬಹುದು. ಕಾರಿನ ಹಿಂದೆ ಬಗ್ಗಿ ನೋಡಿದರೆ ಸಂದೇಹ ತೀರುತ್ತದೆ: ಡಿಫರೆನ್ಷಿಯಲ್‌ನ ಹಿಂಭಾಗ ನುಣುಪಾದ ಗುಮ್ಮಟದಂತಿದ್ದರೆ ಬ್ಯಾಂಜೊ, ಬೋಲ್ಟು ಹಾಕಿದ ಮುಚ್ಚಳವಿದ್ದರೆ ಟ್ಯೂಬ್. ನೋಡದೆ ಹೆಚ್ಚು ಸುರಿದ ಎಣ್ಣೆ ಸೀಲು ದಾಟಿ ಬ್ರೇಕ್ ಶೂಗಳವರೆಗೆ ಹೋಗಬಲ್ಲದು. ಪಾಠನಿರ್ಣಯ ಇಲ್ಲಿ ಜೀವರಕ್ಷಣೆಯ ವಿಷಯ.

3. ಸ್ಥಿತಿ ಮತ್ತು ಮಾನದ ಭಿನ್ನತೆ

ಟ್ಯಾಪೆಟ್ ಸೆಟ್ಟಿಂಗ್ 0.015 ಇಂಚು ಎಂದೂ 0.013 ಇಂಚು ಎಂದೂ ಕೊಟ್ಟಿರುವುದುಂಟು. ಮೊದಲನೆಯದು ತಣ್ಣಗಿರುವ ಇಂಜಿನ್ನಿಗೆ, ಎರಡನೆಯದು ಬಿಸಿಯಾದ ಇಂಜಿನ್ನಿಗೆ. ಪಟ್ಟಿಯನ್ನು ಸಂಕ್ಷೇಪಿಸುವಾಗ ‘ತಣ್ಣಗಿರುವಾಗ’ ಎಂಬ ಒಂದು ಮಾತು ಬಿಟ್ಟುಹೋದರೆ ಎರಡು ಸತ್ಯಗಳು ಪರಸ್ಪರ ವಿರೋಧವಾಗಿ ಕಾಣತೊಡಗುತ್ತವೆ. ಮಾನದ ಕಥೆಯೂ ಇದೇ. ಬ್ರಿಟಿಷ್ ಪಿಂಟ್ 568 ಮಿ.ಲೀ., ಅಮೆರಿಕದ ಪಿಂಟ್ 473 ಮಿ.ಲೀ. ಎಂಜಿಬಿಗಳು ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಿದ್ದುದರಿಂದ ಯಾವ ಪಿಂಟ್ ಎಂದು ಹೇಳದ ಅಂಕಿ ಅರ್ಧ ಮಾಹಿತಿ ಮಾತ್ರ.

4. ನಿಜವಾದ ದೋಷವನ್ನು ಗುರುತಿಸುವ ಬಗೆ

ಅಂತರಂಗ ಪ್ರಮಾಣ ಇಲ್ಲಿ ಬಲವಾದ ಸಾಧನ. ಎರಡು ಮಾನಗಳಲ್ಲಿ ಅಂಕಿ ಕೊಟ್ಟಿರುವ ಸಾಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕನೆಕ್ಟಿಂಗ್ ರಾಡ್ ಬೋಲ್ಟಿನ ಬಿಗಿತ 35ರಿಂದ 40 ಅಡಿ-ಪೌಂಡ್ ಎಂದರೆ ಸುಮಾರು 4.8ರಿಂದ 5.5 ಕಿಲೋಗ್ರಾಂ-ಮೀಟರ್ ಆಗಬೇಕು. ಆಗದಿದ್ದರೆ ಒಂದು ಅಂಕಿ ಕೆಟ್ಟಿದೆ. ಅಡಿ-ಪೌಂಡ್ ಇರಬೇಕಾದಲ್ಲಿ ಇಂಚು-ಪೌಂಡ್ ಎಂದು ಬಿದ್ದರೆ ತಪ್ಪು ಹನ್ನೆರಡು ಪಟ್ಟಿನದು. ಆದರೆ ಇದೇ ಬೋಲ್ಟಿಗೆ 33 ಅಡಿ-ಪೌಂಡ್ ಎಂಬ ಪಾಠ ಸಿಕ್ಕರೆ ಅದನ್ನು ಅಳಿಸುವಂತಿಲ್ಲ. ನಂತರದ ಇಂಜಿನ್ನುಗಳ ಹಲವು ಮುಖದ ನಟ್ಟಿಗೆ ಅದೇ ಸರಿ.

ಬಹುಮತ ಇಲ್ಲಿ ಪ್ರಮಾಣವಲ್ಲ. ಬಿಗಿತದ ಅಂಕಿ ಇಂಜಿನ್ ಬಿಚ್ಚಿದವರ ಕಣ್ಣಿಗೆ ಬೀಳುವಂಥದಲ್ಲ, ತಯಾರಕರ ಪಟ್ಟಿಯಿಂದಲೇ ಬರಬೇಕು. ಕಾರನ್ನು ಸ್ವತಃ ಬಿಚ್ಚಿ ಜೋಡಿಸಿ ಬರೆಯುವ ಪದ್ಧತಿಗೆ ಹೆಸರಾದ ಹೇನ್ಸ್ ಕೈಪಿಡಿಗಳು ಬಿಚ್ಚುವ ಕ್ರಮದ ವಿಷಯದಲ್ಲಿ ಸ್ವತಂತ್ರ ಸಾಕ್ಷಿಗಳು. ಅಂಥ ಸ್ವಾತಂತ್ರ್ಯವನ್ನು ಅಂಕಿಗಳ ವಿಷಯದಲ್ಲಿ ನಿರೀಕ್ಷಿಸಲಾಗದು. ಒಂದೇ ಮೂಲದಿಂದ ಇಳಿದ ಐದು ಪುಸ್ತಕಗಳು ಒಪ್ಪಿದರೂ ಅವು ಒಂದೇ ಸಾಕ್ಷಿ.

5. ಕಾರಿನ ಸಾಕ್ಷ್ಯ ಮತ್ತು ಅದರ ಮಿತಿ

ಹಸ್ತಪ್ರತಿ ಸಂಪಾದಕರಿಗೆ ಕವಿಯ ಮೂಲ ಸಿಗುವುದು ಅಪರೂಪ. ಇಲ್ಲಿ ಪಠ್ಯ ವರ್ಣಿಸುವ ವಸ್ತುವೇ ಎದುರಿಗಿದೆ. ಆದರೆ ಆ ವಸ್ತುವೂ ತಿದ್ದುಪಡಿಯಾದ ಪ್ರತಿ: ಐವತ್ತು ವರ್ಷಗಳಲ್ಲಿ ಇಂಜಿನ್, ಆಕ್ಸಲ್, ವೈರಿಂಗ್ ಯಾವುದು ಬೇಕಾದರೂ ಬದಲಾಗಿರಬಹುದು. 18ಜಿ, 18ಜಿಎ, 18ಜಿಬಿ ಮೊದಲಾದ ಇಂಜಿನ್ ಸಂಖ್ಯೆಯ ಆರಂಭಾಕ್ಷರಗಳು ಕಾರಿನ ಇಸವಿಗಿಂತ ಹೆಚ್ಚು ನಂಬಲರ್ಹ. ಸಂಪ್ ಬಿಚ್ಚಿ ಬೇರಿಂಗ್ ಎಣಿಸುವುದು ಅದಕ್ಕಿಂತಲೂ ನಂಬಲರ್ಹ. ನಮ್ಮ ಮೆಕ್ಯಾನಿಕ್‌ಗಳಿಗೆ ಪರಿಚಿತವಾದ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಎಂಜಿಬಿಯ ಇಂಜಿನ್ ಸೇರಿದ ಬಿ-ಸೀರೀಸ್ ಎಂಬ ಇಂಜಿನ್ ವಂಶದ್ದೇ. ವಂಶ ಒಂದೇ ಎಂದು ಅದರ ಅಂಕಿಗಳನ್ನು ಎಂಜಿಬಿಗೆ, ಎಂಜಿಬಿಯ ಅಂಕಿಗಳನ್ನು ಅದಕ್ಕೆ ಹೊಂದಿಸುವುದು ಪಾಠಸಂಕರವೇ ಸರಿ.

6. ಉಪಸಂಹಾರ

ಹಳೆಯ ಕೈಪಿಡಿಗಳನ್ನು ಮರುಮುದ್ರಿಸುವವರೂ ಡಿಜಿಟಲ್ ರೂಪಕ್ಕೆ ತರುವವರೂ ಮೂರು ನಿಯಮಗಳನ್ನು ಪಾಲಿಸಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಇಂಜಿನ್, ಯಾವ ಆಕ್ಸಲ್, ಯಾವ ಸ್ಥಿತಿಗೆ ಸಲ್ಲುತ್ತದೆ ಎಂದು ನಮೂದಿಸಬೇಕು. ಕಾರಣ ಸಿಗುವ ತನಕ ಯಾವ ಪಾಠಾಂತರವನ್ನೂ ತಿದ್ದಬಾರದು. ಮೆಕ್ಯಾನಿಕ್‌ಗಳು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಅಂಕಿಗಳನ್ನು ಕಲೆಯೆಂದು ಅಳಿಸದೆ ಸಾಕ್ಷ್ಯವೆಂದು ಉಳಿಸಬೇಕು. ಎಲ್ಲ ಭಿನ್ನತೆಗಳನ್ನೂ ಒಂದೇ ‘ಸರಿಯಾದ’ ಅಂಕಿಗೆ ಇಳಿಸಿದ ಕೈಪಿಡಿ ಓದಲು ಚೊಕ್ಕಟವಾಗಿರಬಹುದು. ಆದರೆ ಆ ಒಂದು ಅಂಕಿಗೆ ಹೊಂದದ ಪ್ರತಿಯೊಂದು ಕಾರಿನ ಮಟ್ಟಿಗೂ ಅದು ತಪ್ಪು ಕೈಪಿಡಿ.