ದಿನಾ ನೋಡುವ ಮುಖ

‘ದಿನಾ ಸಾಯೋರಿಗೆ ಅಳೋರು ಯಾರು?’ ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲ ಬೆಳೆದವರು. ಅದನ್ನು ಹೇಳುವವರೂ ಹೆಚ್ಚಾಗಿ ಹೆಂಗಸರು, ಹೇಳಿಸಿಕೊಳ್ಳುವವರೂ ಹೆಂಗಸರೇ. ಕಿವಿಗೆ ಕಟುವಾದ ಮಾತು ಅದು. ಆದರೆ ಆ ಕಟುತನದ ಬೇರು ಮಿದುಳಿನಲ್ಲೇ ಇದೆಯೆಂದು ತೋರಿಸಿದ ಸಂಶೋಧನೆಯ ಕಥೆ ಓದಿದಾಗಿನಿಂದ ಈ ಗಾದೆ ನನ್ನನ್ನು ಬಿಟ್ಟಿಲ್ಲ.

ಕಥೆ ಶುರುವಾಗುವುದು ದೂರದ ಪ್ಯಾರಿಸ್ಸಿನಲ್ಲಿ. ಅಲ್ಲಿ ಡುಶೆನ್ ಎಂಬ ವೈದ್ಯನಿದ್ದ. ಅವನು ಚರ್ಮದ ಸಂವೇದನೆ ಕಡಿಮೆಯಾಗಿದ್ದ ಒಬ್ಬ ಮುದುಕನ ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ ನಗು, ಭಯ, ಸಂಕಟಗಳನ್ನು ಒಂದೊಂದಾಗಿ ಬರಿಸಿದ, ಫೋಟೋ ತೆಗೆದ, 1862ರಲ್ಲಿ ಪುಸ್ತಕ ಮಾಡಿದ. ತುಟಿ ನಮ್ಮ ಮಾತು ಕೇಳಿ ನಗಬಲ್ಲದು, ಕಣ್ಣಿನ ಸುತ್ತಲ ಸ್ನಾಯು ಮಾತ್ರ ನಿಜವಾದ ಸಂತೋಷಕ್ಕೇ ಮಿಡಿಯುತ್ತದೆ ಎಂದ. ಬಂದವರೆದುರು ನಗುತ್ತ ಕಾಫಿ ಕೊಟ್ಟವರಿಗೆಲ್ಲ ಗೊತ್ತಿರುವ ಸಂಗತಿ ಇದು!

ಅದೇ ಫೋಟೋಗಳನ್ನು ಡಾರ್ವಿನ್ ತನ್ನ ಪರಿಚಿತರಿಗೆ ತೋರಿಸಿ ‘ಇದು ಯಾವ ಭಾವ?’ ಎಂದು ಕೇಳಿದ. ದೇಶದೇಶಗಳಿಗೆ ಪ್ರಶ್ನೆಗಳನ್ನು ಬರೆದು ಕಳಿಸಿದ. ಕಲ್ಕತ್ತೆಯ ಸಸ್ಯೋದ್ಯಾನದಿಂದಲೂ ಉತ್ತರ ಹೋಯಿತು. 1872ರಲ್ಲಿ ಅವನ ಪುಸ್ತಕ ಬಂತು. ಸುಮಾರು ನೂರು ವರ್ಷಗಳ ನಂತರ ಅಮೆರಿಕದ ಪಾಲ್ ಎಕ್‌ಮನ್ ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಜನರಿಗೂ ಇಂಥ ಚಿತ್ರಗಳನ್ನು ತೋರಿಸಿದ. ಭಾವನೆಗಳ ಮುಖಚಹರೆ ಎಲ್ಲೆಡೆಯೂ ಒಂದೇ ಎಂಬ ಅವನ ವಾದವನ್ನು ಇಂದು ಎಲ್ಲರೂ ಒಪ್ಪುವುದಿಲ್ಲ. ಆದರೆ 1976ರಲ್ಲಿ ಅವನೂ ಫ್ರೀಸೆನ್ನನೂ ಹೊರತಂದ ಕಪ್ಪು ಬಿಳುಪು ಮುಖಗಳ ಚಿತ್ರಸಂಗ್ರಹ ಪ್ರಯೋಗಶಾಲೆಗಳಲ್ಲಿ ಮನೆಮಾತಾಯಿತು.

1990ರ ದಶಕದಲ್ಲಿ ತಲೆಬುರುಡೆ ತೆರೆಯದೆಯೇ ಮಿದುಳಿನ ಕೆಲಸ ಕಾಣುವ ಸ್ಕ್ಯಾನಿಂಗ್ ಬಂತು. ನಮ್ಮ ಮಿದುಳಿನ ಎರಡೂ ಬದಿಯಲ್ಲಿ ಅಮಿಗ್ಡಲಾ ಎಂಬ, ಬಾದಾಮಿ ಆಕಾರದ ಭಾಗವಿದೆ. ಭಯವನ್ನು, ಎದುರಿನವರ ಮುಖದಲ್ಲಿರುವ ಭಯವನ್ನು ಗುರುತಿಸುವುದರಲ್ಲಿ ಅದರ ಪಾಲು ದೊಡ್ಡದು. 1996ರಲ್ಲಿ ಬ್ರೈಟರ್ ಮತ್ತು ಜೊತೆಗಾರರು ಹೆದರಿದ ಮುಖಗಳನ್ನು ಮತ್ತೆ ಮತ್ತೆ ತೋರಿಸುತ್ತ ಅದನ್ನು ಗಮನಿಸಿದರು. ಮೊದಲು ಜೋರಾಗಿ ಎಚ್ಚೆತ್ತ ಅಮಿಗ್ಡಲಾ ಬೇಗಬೇಗನೆ ತಣ್ಣಗಾಗತೊಡಗಿತು. ನಗುಮುಖಕ್ಕೂ ಅದೇ ಗತಿ. ಮುಖ ಬಂದು ಹೋಗುತ್ತದೆ, ಅದರ ಹಿಂದೆ ಅಪಾಯವೂ ಇಲ್ಲ, ಲಾಭವೂ ಇಲ್ಲ. ಅಂದ ಮೇಲೆ ಶಕ್ತಿ ಯಾಕೆ ವ್ಯಯ ಮಾಡಬೇಕು? ಮಿದುಳು ಜಾಣ ಗೃಹಿಣಿಯ ಹಾಗೆ, ಅನಗತ್ಯ ಖರ್ಚನ್ನು ಕೂಡಲೇ ನಿಲ್ಲಿಸುತ್ತದೆ.

ನಮ್ಮ ಕೂಡುಕುಟುಂಬದಲ್ಲಿ ದೊಡ್ಡಮ್ಮ ಒಬ್ಬರಿದ್ದರು. ಸದಾ ಬಾಡಿದ ಮುಖ. ‘ಅವಳದು ಹುಟ್ಟಿದ್ದೇ ಹಾಗೆ’ ಎನ್ನುತ್ತಿದ್ದರು ಮನೆಯವರು. ನಾನು ಹೈಸ್ಕೂಲಿನಲ್ಲಿದ್ದಾಗ ಮದುವೆಯೊಂದಕ್ಕೆ ಬಂದ ಅವರ ತಂಗಿ ಅಂಗಳದಲ್ಲೇ ನಿಂತು, ‘ಅಕ್ಕಾ, ಎಲ್ಲಿ ನೋಯ್ತಾ ಇದೆ?’ ಎಂದು ಕೇಳಿಬಿಟ್ಟರು. ಡಾಕ್ಟರರ ಬಳಿ ಕರೆದೊಯ್ದರೆ, ಪಿತ್ತಕೋಶದಲ್ಲಿ ಕಲ್ಲು! ಹದಿಮೂರು ಜನರಿದ್ದ ಮನೆಯಲ್ಲಿ ಕಾಣದ್ದು ಹೊಸಬರ ಕಣ್ಣಿಗೆ ಬಿತ್ತು. ಮನೆಯವರೇನೂ ದುಷ್ಟರಲ್ಲ. ಆ ಮುಖ ಅವರಿಗೆ ಗೋಡೆಯ ಮೇಲಿನ ಕ್ಯಾಲೆಂಡರಿನಂತಾಗಿತ್ತು.

ಎಲ್ಲರ ಮಿದುಳೂ ಹೀಗೆ ಬೇಗ ಪಳಗುವುದಿಲ್ಲ. ಅಂಜುವ, ಸಂಕೋಚದ ಸ್ವಭಾವದವರ ಅಮಿಗ್ಡಲಾ ಮತ್ತೆ ಮತ್ತೆ ನೋಡಿದ ಮುಖಕ್ಕೂ ಎಚ್ಚರವಾಗಿಯೇ ಉಳಿಯುತ್ತದೆಂದು 2013ರ ಒಂದು ಅಧ್ಯಯನ ತೋರಿಸಿತು. ಅತ್ತೆಯ ಮೋರೆ ನೋಡಿ ದಿನದ ಹವಾಮಾನ ಅಳೆಯುವ ಸೊಸೆಯಂದಿರು ನನಗೆ ನೆನಪಾದರು. ಒಂದೇ ಛಾವಣಿಯಡಿ ಒಬ್ಬರಿಗೆ ಮುಖ ಕಾಣುವುದೇ ಇಲ್ಲ, ಇನ್ನೊಬ್ಬರಿಗೆ ಮುಖದಿಂದ ಬಿಡುಗಡೆಯೇ ಇಲ್ಲ.

ಹಾಗಾದರೆ ದಾರಿಯೇನು? ಅಮಿಗ್ಡಲಾ ಎರಡೂ ಕಡೆ ನಾಶವಾಗಿದ್ದ ಒಬ್ಬ ಮಹಿಳೆಗೆ ಹೆದರಿದ ಮುಖ ಗುರುತಿಸಲು ಆಗುತ್ತಿರಲಿಲ್ಲವೆಂದು 1994ರಲ್ಲಿ ವರದಿಯಾಗಿತ್ತು. ಆಕೆ ಎದುರಿನವರ ಕಣ್ಣುಗಳನ್ನು ನೋಡುತ್ತಲೇ ಇರಲಿಲ್ಲವೆಂದು 2005ರಲ್ಲಿ ತಿಳಿಯಿತು. ‘ಕಣ್ಣು ನೋಡಿ’ ಎಂದು ಹೇಳಿದಾಗ ಆಕೆಯೂ ಭಯವನ್ನು ಗುರುತಿಸಿದಳು. ಹೇಳುವುದನ್ನು ಬಿಟ್ಟರೆ ಮತ್ತೆ ಮೊದಲಿನಂತೆಯೇ.

ನಮ್ಮ ಅಮಿಗ್ಡಲಾ ಗಟ್ಟಿಯಾಗಿದೆ, ಆದರೂ ಹಾಗೆ ಹೇಳುವವರು ನಮಗೂ ಬೇಕು. ರಾತ್ರಿ ಊಟಕ್ಕೆ ಬಡಿಸುವಾಗ ತಟ್ಟೆಯ ಜೊತೆಗೆ ಒಮ್ಮೆ ಕಣ್ಣುಗಳನ್ನೂ ನೋಡೋಣ. ಬಡಿಸುವವಳ ಕಣ್ಣನ್ನು ಉಣ್ಣುವವರೂ ನೋಡಲಿ.