ಕಾಣದ ವಸ್ತುವನ್ನು ಕಣ್ಮುಂದೆ ತಂದ ವಿದ್ಯೆ

ಕಾಣದ ವಸ್ತುವನ್ನು ಬರಿಯ ಮಾತಿನಿಂದ ತಿಳಿಸುವುದು ಕಷ್ಟ. ತೋರಿಸಿ ತಿಳಿಸುವುದು ಸುಲಭ. ಪಾಠ ಹೇಳಿದವರೆಲ್ಲರೂ ಬಲ್ಲ ಸಂಗತಿಯಿದು. ಆದರೆ ಹೃದಯದ ಒಳಕೋಣೆಗಳನ್ನಾಗಲಿ, ಸೂರ್ಯನ ಸುತ್ತ ತಿರುಗುವ ಗ್ರಹಗಳನ್ನಾಗಲಿ ತರಗತಿಯೊಳಗೆ ತರುವುದೆಂತು? ಈ ಪ್ರಶ್ನೆಗೆ ಇಂದು ದೊರೆತಿರುವ ಒಂದು ಉತ್ತರ ‘ಆಗ್ಮೆಂಟೆಡ್ ರಿಯಾಲಿಟಿ’; ವರ್ಧಿತ ವಾಸ್ತವ ಎನ್ನಬಹುದು. ಪುಸ್ತಕದ ಚಿತ್ರದೆದುರು ಮೊಬೈಲನ್ನು ಹಿಡಿದರೆ, ಅದರ ಕ್ಯಾಮರಾ ಆ ಚಿತ್ರವನ್ನು ಗುರುತಿಸುತ್ತದೆ. ಹಾಳೆಯ ಮೇಲೆಯೇ ಹೃದಯವೊಂದು ಬಡಿಯುತ್ತಿರುವಂತೆ ತೆರೆಯಲ್ಲಿ ಕಾಣುತ್ತದೆ. ಕೋಣೆ ನಿಜ, ಹಾಳೆ ನಿಜ. ಹೃದಯ ಮಾತ್ರ ಗಣಕಯಂತ್ರ ರಚಿಸಿದ್ದು. ಇದು ನಿನ್ನೆ ಮೊನ್ನೆಯ ಚಮತ್ಕಾರವೆಂದು ಓದುಗರು ಭಾವಿಸಬಾರದು. ಇದರ ಹಿಂದೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದಲ್ಲಿ ನಮಗೊಂದು ಎಚ್ಚರಿಕೆಯೂ ಇದೆ.

ಮೊರೇವಿಯಾ ಪ್ರಾಂತದ ಶಿಕ್ಷಣತಜ್ಞ ಕೊಮೀನಿಯಸ್ 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ‘ಆರ್ಬಿಸ್ ಪಿಕ್ಟಸ್’ ಎಂಬ ಸಚಿತ್ರ ಪಠ್ಯವನ್ನು ಪ್ರಕಟಿಸಿದನು. ಚಿತ್ರದಲ್ಲಿನ ಒಂದೊಂದು ವಸ್ತುವಿಗೂ ಅಂಕಿ. ಅದೇ ಅಂಕಿಯ ಎದುರು ಆ ವಸ್ತುವಿನ ಹೆಸರು, ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ. ಮಗುವಿನ ಕಣ್ಣು ಪದದಿಂದ ವಸ್ತುವಿಗೆ, ವಸ್ತುವಿನಿಂದ ಪದಕ್ಕೆ ಸಂಚರಿಸಬೇಕೆಂಬುದು ಅವನ ಆಶಯ. ಇಂದಿನ ಸಾಧನದ ಬೀಜರೂಪವನ್ನು ನಾವು ಇಲ್ಲಿಯೇ ಕಾಣಬಹುದು.

ಯಂತ್ರದ ಕಥೆ ತೀರ ಈಚಿನದು. 1968ರಲ್ಲಿ ಅಮೆರಿಕದ ವಿಜ್ಞಾನಿ ಐವನ್ ಸದರ್‌ಲೆಂಡ್ ತಲೆಗೆ ಧರಿಸುವ ಒಂದು ಯಂತ್ರವನ್ನು ತೋರಿಸಿದನು. ಅದನ್ನು ಧರಿಸಿದವನಿಗೆ ಎದುರಿನ ಕೋಣೆಯೂ, ಆ ಕೋಣೆಯಲ್ಲಿ ತೇಲುವಂತಿರುವ ಗೆರೆಗಳ ಆಕೃತಿಯೂ ಒಟ್ಟಿಗೆ ಕಾಣುತ್ತಿದ್ದವು. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರು ಬಂದುದಾದರೋ ಶಾಲೆಯಿಂದಲ್ಲ, ವಿಮಾನದ ಕಾರ್ಖಾನೆಯಿಂದ. ಬೋಯಿಂಗ್ ಸಂಸ್ಥೆಯ ಥಾಮಸ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬವರು, ವಿಮಾನ ಕಟ್ಟುವ ಕೆಲಸಗಾರರಿಗೆ ಅವರ ಕಣ್ಣೆದುರಿನಲ್ಲಿಯೇ ನಕ್ಷೆಯನ್ನು ತೋರಿಸುವ ಉಪಾಯವನ್ನು ಯೋಚಿಸಿ, 1992ರ ಪ್ರಬಂಧವೊಂದರಲ್ಲಿ ಆ ಹೆಸರನ್ನು ಬಳಸಿದರು.

1999ರಲ್ಲಿ ಜಪಾನಿನ ಹಿರೊಕಾಜು ಕಾಟೊ, ಕಪ್ಪು ಚೌಕದ ಗುರುತನ್ನು ಕಂಡು ಅದರ ಮೇಲೆ ಆಕೃತಿಯನ್ನು ನಿಲ್ಲಿಸುವ ತಂತ್ರಾಂಶವನ್ನು ರೂಪಿಸಿದನು. ಅವನೂ ಮಾರ್ಕ್ ಬಿಲಿಂಗ್‌ಹರ್ಸ್ಟ್ ಮೊದಲಾದವರೂ ಸೇರಿ 2001ರಲ್ಲಿ ‘ಮ್ಯಾಜಿಕ್ ಬುಕ್’ ಎಂಬ ಪುಸ್ತಕದ ಪ್ರಯೋಗವನ್ನು ವಿವರಿಸಿದರು. ಉಪಕರಣದ ಮೂಲಕ ನೋಡಿದರೆ ಅದರ ಪುಟದಿಂದ ಕಥೆಯ ದೃಶ್ಯಗಳು ಮೇಲೇಳುತ್ತಿದ್ದವು. ಉಪಕರಣವನ್ನು ಪಕ್ಕಕ್ಕಿಟ್ಟರೂ ಪುಸ್ತಕ ಪುಸ್ತಕವಾಗಿಯೇ ಉಳಿಯುತ್ತಿತ್ತು, ಎಂದಿನಂತೆ ಓದಬಹುದಾಗಿತ್ತು. ಈ ಗುಣವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮುಂದೆ ಈ ವಿದ್ಯೆ ಮೊಬೈಲಿಗೆ ಇಳಿಯಿತು. 2011ರಲ್ಲಿ ಬಂದ ‘ಆರಾಸ್ಮಾ’ ಎಂಬ ಆ್ಯಪ್‌ನಲ್ಲಿ ಶಿಕ್ಷಕರು ತಾವೇ ಚಿತ್ರಗಳಿಗೆ ದೃಶ್ಯಗಳನ್ನು ಜೋಡಿಸಬಹುದಾಗಿತ್ತು. ಹಲವು ದೇಶಗಳ ಶಿಕ್ಷಕರು ಶ್ರಮವಹಿಸಿ ಅದರಲ್ಲಿ ಪಾಠಗಳನ್ನು ಕಟ್ಟಿದರು. ಒಡೆತನ ಎಚ್‌ಪಿ ಸಂಸ್ಥೆಗೆ ಸೇರಿತು, ಹೆಸರು ‘ಎಚ್‌ಪಿ ರಿವೀಲ್’ ಎಂದಾಯಿತು. 2020ರಲ್ಲಿ ಅದು ಮುಚ್ಚಿಹೋಯಿತು. ಗೂಗಲ್ ಸಂಸ್ಥೆ ಶಾಲೆಗಳಿಗಾಗಿ 2015ರಲ್ಲಿ ಆರಂಭಿಸಿದ ‘ಎಕ್ಸ್‌ಪೆಡಿಶನ್ಸ್’ ಎಂಬ ಆ್ಯಪ್‌ಗೂ ವರ್ಧಿತ ವಾಸ್ತವದ ಪಾಠಗಳು ಸೇರಿದ್ದವು. 2021ರ ಜೂನ್ 30ರಂದು ಅದೂ ನಿಂತಿತು.

ಇಲ್ಲಿ ತುಸು ವಿಚಾರ ಮಾಡೋಣ. 1658ರ ಪುಸ್ತಕವನ್ನು ಇಂದಿಗೂ ತೆರೆದು ಓದಬಹುದು. 2015ರ ಆ್ಯಪ್ ಆರು ವರ್ಷವೂ ಸರಿಯಾಗಿ ಬಾಳಲಿಲ್ಲ. ದೋಷ ವಿದ್ಯೆಯದಲ್ಲ. ತಿರುಗಿಸಿ, ಸುತ್ತ ನಡೆದು, ಹತ್ತಿರ ಬಾಗಿ ನೋಡಬಹುದಾದ ಆಕೃತಿ ಮಗುವಿಗೆ ನೀಡುವ ತಿಳಿವು ಕರಿಹಲಗೆಯ ಚಿತ್ರಕ್ಕೆ ಸುಲಭವಾಗಿ ಒದಗುವಂಥದಲ್ಲ. ದೋಷವಿರುವುದು ಪಾಠವನ್ನೇ ಪರರ ಕೈಗೆ ಒಪ್ಪಿಸುವಲ್ಲಿ. ವ್ಯಾಪಾರ ಸಂಸ್ಥೆ ತನ್ನ ಲಾಭನಷ್ಟಗಳನ್ನು ನೋಡಿ ಅಂಗಡಿಯ ಬಾಗಿಲು ಮುಚ್ಚಬಹುದು. ಶಾಲೆ ಹಾಗೆ ಮುಚ್ಚಲಾಗದು.

ಆದುದರಿಂದ ಶಿಕ್ಷಕರೂ ಪೋಷಕರೂ ಇಂಥ ಸಾಧನವನ್ನು ತರಗತಿಗೆ ತರುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ನಾಳೆ ಈ ತೆರೆ ಕತ್ತಲಾದರೆ ಮಕ್ಕಳ ಬಳಿ ಏನು ಉಳಿಯುತ್ತದೆ? ತೆರೆಯಲ್ಲಿ ಕಂಡ ಹೃದಯವನ್ನು ಮಗು ತನ್ನ ಕೈಯಿಂದ ಬರೆದು, ಭಾಗಗಳ ಹೆಸರು ಹೇಳಿ, ರಕ್ತದ ಹಾದಿಯನ್ನು ವಿವರಿಸಬಲ್ಲುದಾದರೆ ಆ ಪಾಠ ಅದರ ಸ್ವಂತದ್ದಾಯಿತು. ಇಲ್ಲವಾದರೆ ಕಂಡದ್ದು ಬರಿಯ ಜಾತ್ರೆಯ ಬೆರಗು. ಸಾಧನ ಬರಲಿ, ಹೋಗಲಿ. ಅರಿವು ಮಗುವಿನಲ್ಲಿ ನಿಲ್ಲಬೇಕು.