ಬುಲೆಟ್ ಗೆಲಾಕ್ಸಿ ಗುಚ್ಛ

ಬುಲೆಟ್ ಗುಚ್ಛವು ದಕ್ಷಿಣ ಆಕಾಶದ ಕರೀನಾ ನಕ್ಷತ್ರಪುಂಜದ ದಿಕ್ಕಿನಲ್ಲಿ, ಭೂಮಿಯಿಂದ ಸುಮಾರು 370 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ, ಪರಸ್ಪರ ಡಿಕ್ಕಿ ಹೊಡೆದಿರುವ ಎರಡು ಗೆಲಾಕ್ಸಿ ಗುಚ್ಛಗಳ ಸಮೂಹವಾಗಿದೆ. ಕಪ್ಪು ದ್ರವ್ಯದ ಇರುವಿಕೆಗೆ ದೊರೆತ ಪ್ರಬಲ ಪುರಾವೆಗಳಲ್ಲಿ ಇದೂ ಒಂದು.

ಗುರುತ್ವ ಮಸೂರದ ಅಧ್ಯಯನ

ಐನ್‌ಸ್ಟೈನ್‌ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ದ್ರವ್ಯರಾಶಿಯು ತನ್ನ ಸಮೀಪ ಹಾದುಹೋಗುವ ಬೆಳಕನ್ನು ಬಾಗಿಸುತ್ತದೆ. ಆದುದರಿಂದ ಗುಚ್ಛದ ಹಿಂದಿರುವ ಗೆಲಾಕ್ಸಿಗಳ ಆಕಾರವು ತುಸು ವಿರೂಪಗೊಂಡು ಕಾಣುತ್ತದೆ. ಈ ವಿರೂಪವನ್ನು ಅಳೆದು, ಕಾಣದ ದ್ರವ್ಯವೂ ಸೇರಿದಂತೆ ಒಟ್ಟು ದ್ರವ್ಯರಾಶಿಯ ಹಂಚಿಕೆಯ ನಕ್ಷೆಯನ್ನು ರಚಿಸಬಹುದು.

ಗುಚ್ಛಗಳ ಸಾಮಾನ್ಯ ದ್ರವ್ಯದ ಬಹುಪಾಲು ಬಿಸಿ ಅನಿಲದ ರೂಪದಲ್ಲಿದೆ. ಡಿಕ್ಕಿಯಲ್ಲಿ ಈ ಅನಿಲವು ವೇಗ ಕಳೆದುಕೊಂಡು ಹಿಂದುಳಿದುದನ್ನು ಚಂದ್ರಾ ಎಕ್ಸ್-ಕಿರಣ ವೀಕ್ಷಣಾಲಯವು ತೋರಿಸಿತು. ಆದರೆ 2006ರಲ್ಲಿ ಡಗ್ಲಸ್ ಕ್ಲೋ ಮತ್ತು ಸಂಗಡಿಗರು ಪ್ರಕಟಿಸಿದ ಮಸೂರ ನಕ್ಷೆಯಲ್ಲಿ ದ್ರವ್ಯರಾಶಿಯ ಹೆಚ್ಚಿನ ಭಾಗವು ಅನಿಲವಿದ್ದಲ್ಲಿ ಇರದೆ, ಮುಂದೆ ಸಾಗಿದ ಗೆಲಾಕ್ಸಿಗಳ ಬಳಿ ಕಂಡುಬಂದಿತು.

ಮಹತ್ವ

ಗುರುತ್ವ ನಿಯಮವನ್ನೇ ಮಾರ್ಪಡಿಸಿದರೆ ಕಪ್ಪು ದ್ರವ್ಯದ ಅಗತ್ಯವಿಲ್ಲವೆಂಬ ವಾದವನ್ನು 1983ರಲ್ಲಿ ಮೊರ್ದೆಹಾಯ್ ಮಿಲ್‌ಗ್ರೋಮ್ ಮಂಡಿಸಿದ್ದರು. ಅನಿಲದಿಂದ ಬೇರ್ಪಟ್ಟಿರುವ ಈ ದ್ರವ್ಯರಾಶಿಯನ್ನು ಕಾಣುವ ದ್ರವ್ಯವೊಂದರಿಂದಲೇ ವಿವರಿಸುವುದು ಆ ವಾದಕ್ಕೆ ಕಷ್ಟಸಾಧ್ಯವಾಗಿದೆ. ಆದರೂ ಕಪ್ಪು ದ್ರವ್ಯವು ಯಾವ ಕಣಗಳಿಂದ ಆಗಿದೆ ಎಂಬುದು ವಿಜ್ಞಾನಕ್ಕೆ ಇನ್ನೂ ಬಿಡಿಸಲಾಗದ ಪ್ರಶ್ನೆಯಾಗಿಯೇ ಉಳಿದಿದೆ.